ನೆರಳಿಗೆ ಬಣ್ಣ ತಂದ ಎಲೆಗಳು

ಮನೆಯ ಸುತ್ತ ಒಂದಿಷ್ಟು ಜಾಗ ಇಟ್ಟುಕೊಂಡವರಿಗೆಲ್ಲ ಒಂದು ಮೂಲೆಯ ಚಿಂತೆ ಇದ್ದೇ ಇರುತ್ತದೆ. ಉತ್ತರದ ಗೋಡೆಯ ಬುಡ, ಪಕ್ಕದ ಮನೆಯ ಮಹಡಿ ಬಿಸಿಲನ್ನು ತಡೆದು ನಿಂತ ಓಣಿ, ಹಳೆಯ ಮಾವಿನ ಮರದ ಕೆಳಗಿನ ನೆಲ - ಇಲ್ಲಿ ಏನು ನೆಟ್ಟರೂ ಹೂ ಬಿಡುವುದಿಲ್ಲ. ಗುಲಾಬಿ ಬರಿಯ ಕಡ್ಡಿಯಾಗಿ ನಿಲ್ಲುತ್ತದೆ. ಸೇವಂತಿಗೆ ಸಣಕಲಾಗಿ ಬೆಳಕಿದ್ದ ಕಡೆಗೆ ವಾಲುತ್ತದೆ. ದಾಸವಾಳ ಎಲೆಯನ್ನಷ್ಟೇ ಬೆಳೆಸಿಕೊಂಡು ಸುಮ್ಮನಾಗುತ್ತದೆ. ಇಂಥ ಜಾಗಕ್ಕೂ ಬಣ್ಣ ಬೇಕೆಂದು ಸಸಿ ಮಾರುವವರನ್ನು ಕೇಳಿದರೆ ಅವರು ಕೊಡುವ ಗಿಡಗಳು ಬಹುಮಟ್ಟಿಗೆ ಎಲ್ಲ ಊರಿನಲ್ಲೂ ಒಂದೇ: ಕೆಂಪು, ಹಳದಿ, ನೇರಳೆ ಬೆರೆತ ಕೋಲಿಯಸ್, ಕೆಸುವಿನ ಎಲೆಗೆ ಕುಂಕುಮ ಚಿಮುಕಿಸಿದಂತೆ ಕಾಣುವ ಕೆಲಾಡಿಯಂ, ಬೆಳ್ಳಿಯ ಪಟ್ಟೆ ಎಳೆದ ಬಿಗೋನಿಯಾ, ವರ್ಷವಿಡೀ ಹೂ ಬಿಡುವ, ಇಂಪೇಶಿಯನ್ಸ್ ಎಂಬ ಸೀಮೆಯ ಕರ್ಣಕುಂಡಲ.

ಈ ನಾಲ್ಕರಲ್ಲಿ ಒಂದೂ ನಮ್ಮ ಹಿತ್ತಿಲಿನ ಮೂಲ ನಿವಾಸಿಯಲ್ಲ. ಒಂದು ಜಾವಾ ದ್ವೀಪದ ಕಡೆಯಿಂದ ಬಂದದ್ದು, ಇನ್ನೊಂದು ದಕ್ಷಿಣ ಅಮೆರಿಕದ ಕಾಡಿನದು, ಮತ್ತೊಂದು ಅಸ್ಸಾಮಿನ ಬೆಟ್ಟದ ತಪ್ಪಲಿನದು, ಕೊನೆಯದು ಪೂರ್ವ ಆಫ್ರಿಕದ್ದು. ಆದರೆ ನಾಲ್ಕಕ್ಕೂ ಒಂದು ಸಾಮ್ಯ ಇದೆ. ಅವೆಲ್ಲ ದಟ್ಟ ಕಾಡಿನ ಮರಗಳ ಅಡಿಯಲ್ಲಿ, ಅರೆಬೆಳಕಿನಲ್ಲಿ ಬದುಕಲು ಕಲಿತವು. ಮತ್ತು ನಾಲ್ಕೂ ಯೂರೋಪಿನ ಗಾಜಿನ ಮನೆಗಳನ್ನು ಹೊಕ್ಕು ಹೊರಬಂದು ಲೋಕದ ತೋಟಗಳಿಗೆ ಹಬ್ಬಿದವು. ನೆರಳಿನ ಜಾಗಕ್ಕೆ ಬಣ್ಣದ ಗಿಡವನ್ನು ಆಯ್ದುಕೊಳ್ಳುವುದು ಇಂದು ಸಣ್ಣ ಸಂಗತಿಯಂತೆ ಕಾಣುತ್ತದೆ. ಅದರ ಹಿಂದೆ ಸುಮಾರು ಇನ್ನೂರು ವರ್ಷಗಳ ಕಥೆಯಿದೆ. ಆ ಕಥೆಯಲ್ಲಿ ಹಡಗು, ಗಾಜು, ವ್ಯಾಪಾರ, ವಿಜ್ಞಾನ ಎಲ್ಲವೂ ಬರುತ್ತವೆ. ಬರಿದಾದ ಕಾಡೂ ಬರುತ್ತದೆ.

ಬಿಸಿಲಿನ ಹೂ, ನೆರಳಿನ ಸೊಪ್ಪು

ನಮ್ಮ ಹಿರಿಯರಿಗೆ ನೆರಳಿನ ಬೇಸಾಯ ಹೊಸದಾಗಿರಲಿಲ್ಲ. ಮಲೆನಾಡಿನ ಅಡಿಕೆ ತೋಟಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಮೇಲೆ ಅಡಿಕೆಯ ತಲೆ, ಅದರ ಮೈಗೆ ಹಬ್ಬಿದ ಮೆಣಸಿನ ಬಳ್ಳಿ ಅಥವಾ ವೀಳ್ಯದೆಲೆ, ಕೆಳಗೆ ತಂಪು ನೆಲದಲ್ಲಿ ಏಲಕ್ಕಿ - ಹೀಗೆ ಒಂದೇ ಬಿಸಿಲನ್ನು ಅಂತಸ್ತು ಅಂತಸ್ತಾಗಿ ಹಂಚಿಕೊಳ್ಳುವ ಲೆಕ್ಕ ಅಲ್ಲಿದೆ. ಮನೆಯ ಹಿಂದಿನ ಬಚ್ಚಲ ನೀರು ಹರಿಯುವ ತಂಪಿನಲ್ಲಿ ಕೆಸುವು ಬೆಳೆಯಿತು. ಮಳೆಗಾಲದಲ್ಲಿ ಅದರ ಎಲೆ ಪತ್ರೊಡೆಯಾಯಿತು. ಬಾವಿಕಟ್ಟೆಯ ಪಕ್ಕದ ದೊಡ್ಡಪತ್ರೆ ತಂಬುಳಿಗೂ ಮಗುವಿನ ನೆಗಡಿಗೂ ಒದಗಿತು.

ಆದರೆ ಇವೆಲ್ಲ ಉಪಯೋಗದ ಗಿಡಗಳು. ಬಣ್ಣಕ್ಕೆಂದು ಬೆಳೆಸಿದ್ದು ಹೂವನ್ನು. ಹೂವು ದೇವರ ತಲೆಗೆ, ಹೆಣ್ಣುಮಕ್ಕಳ ಮುಡಿಗೆ. ಮಲ್ಲಿಗೆ, ಸೇವಂತಿಗೆ, ಕನಕಾಂಬರ, ಚೆಂಡುಹೂವು ಇವುಗಳಿಗೆಲ್ಲ ಒಳ್ಳೆಯ ಬೆಳಕು ಬೇಕು. ಆದ್ದರಿಂದ ಅಂಗಳ ಹೂವಿಗೆ, ಹಿತ್ತಿಲ ನೆರಳು ಸೊಪ್ಪಿಗೆ ಎಂಬ ವಿಂಗಡಣೆ ತಾನಾಗಿಯೇ ನಡೆದುಬಂದಿತ್ತು. ಎಲೆಯನ್ನೇ ಹೂವಿನಂತೆ ನೋಡಿ, ಅದರ ಬಣ್ಣಕ್ಕಾಗಿ ನೆರಳಿನಲ್ಲಿ ಗಿಡ ಬೆಳೆಸುವ ರೂಢಿ ನಮ್ಮ ಮನೆಗಳಿಗೆ ಹೊರಗಿನಿಂದ ಬಂತು. ಅದು ಬಂದ ದಾರಿ ಲಂಡನ್ನಿನ ಒಂದು ಬಾಟಲಿಯಿಂದ ಆರಂಭವಾಗುತ್ತದೆ.

ಬಾಟಲಿಯಲ್ಲಿ ಹುಟ್ಟಿದ ಜರಿಗಿಡ

ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ಪೂರ್ವ ಲಂಡನ್ನಿನ ವೈದ್ಯ. ಜರಿಗಿಡಗಳೆಂದರೆ ಅವನಿಗೆ ಪ್ರಾಣ. ಆದರೆ ಊರಿನ ಕಲ್ಲಿದ್ದಲ ಹೊಗೆಗೆ ಅವನು ನೆಟ್ಟ ಜರಿಗಿಡಗಳು ಒಂದೊಂದಾಗಿ ಸಾಯುತ್ತಿದ್ದವು. 1829ರ ಸುಮಾರಿಗೆ ಅವನು ಕೋಶವೊಂದು ಒಡೆದು ಪತಂಗವಾಗುವುದನ್ನು ನೋಡಬೇಕೆಂದು ಅದನ್ನು ಒದ್ದೆ ಮಣ್ಣಿನೊಂದಿಗೆ ಗಾಜಿನ ಬಾಟಲಿಯಲ್ಲಿಟ್ಟು ಮುಚ್ಚಳ ಹಾಕಿದ. ಕೆಲವು ದಿನಗಳಲ್ಲಿ ಆ ಮಣ್ಣಿನಿಂದ ಒಂದು ಜರಿಗಿಡ, ಒಂದು ಹುಲ್ಲು ಮೊಳೆತವು. ಹಗಲು ಮಣ್ಣಿನಿಂದ ಎದ್ದ ಆವಿ ಗಾಜಿಗೆ ಹನಿಗಟ್ಟಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ನೀರು ಹಾಕುವ ಅಗತ್ಯವೇ ಬೀಳಲಿಲ್ಲ. ಸುಮಾರು ನಾಲ್ಕು ವರ್ಷ ಆ ಗಿಡಗಳು ಹಾಗೆಯೇ ಬದುಕಿದವು. ಮುಚ್ಚಳ ತುಕ್ಕು ಹಿಡಿದು ಮಳೆನೀರು ಒಳಗೆ ಸೇರಿದ ಮೇಲೆ ಸತ್ತವು.

ವಾರ್ಡ್ ಇದರ ಬೆಲೆಯನ್ನು ಬೇಗ ಅರಿತ. ಆವರೆಗೆ ದೂರದ ದೇಶಗಳಿಂದ ಹಡಗಿನಲ್ಲಿ ಜೀವಂತ ಗಿಡ ತರುವುದೆಂದರೆ ಬಹುಪಾಲು ಸೋಲೇ. ಉಪ್ಪುಗಾಳಿ, ಕುಡಿಯುವ ನೀರಿನ ಅಭಾವ, ತಿಂಗಳುಗಟ್ಟಲೆಯ ಕತ್ತಲು - ಇವುಗಳ ನಡುವೆ ಚೀನದಿಂದ ಹೊರಟ ಸಾವಿರ ಗಿಡಗಳಲ್ಲಿ ಒಂದು ಉಳಿಯುತ್ತದೆ ಎಂದು ಮಕಾವೊದಲ್ಲಿದ್ದ ವೈದ್ಯ ಜಾನ್ ಲಿವಿಂಗ್‌ಸ್ಟನ್ 1819ರಲ್ಲಿ ಅಂದಾಜು ಮಾಡಿದ್ದ. 1833ರಲ್ಲಿ ವಾರ್ಡ್ ಮರದ ಚೌಕಟ್ಟಿಗೆ ಗಾಜು ಕೂರಿಸಿದ ಎರಡು ಪೆಟ್ಟಿಗೆಗಳಲ್ಲಿ ಗಿಡ ನೆಟ್ಟು ಸಿಡ್ನಿಗೆ ಕಳಿಸಿದ. ಗಿಡಗಳು ಹಸಿರಾಗಿಯೇ ತಲುಪಿದವು. ಮರುವರ್ಷ ಅದೇ ಪೆಟ್ಟಿಗೆಗಳಲ್ಲಿ ಆಸ್ಟ್ರೇಲಿಯದ ಗಿಡಗಳನ್ನು ತುಂಬಿ ಹಿಂದಕ್ಕೆ ಕಳಿಸಿದರು. ಉರಿಬಿಸಿಲನ್ನೂ ಹಿಮದ ಚಳಿಯನ್ನೂ ದಾಟಿ ಅವು ಲಂಡನ್ ಸೇರಿದಾಗ ಆರೋಗ್ಯವಾಗಿದ್ದವು.

ವಾರ್ಡನ ಪೆಟ್ಟಿಗೆ ಎಂದೇ ಹೆಸರಾದ ಈ ಸಾಧನ ಮುಂದೆ ದೇಶಗಳ ಅದೃಷ್ಟವನ್ನೇ ಬದಲಿಸಿತು. ರಾಬರ್ಟ್ ಫಾರ್ಚೂನ್ 1848ರಿಂದ 1851ರ ನಡುವೆ ಚೀನದ ಚಹಾ ಸಸಿಗಳನ್ನು ಭಾರತಕ್ಕೆ ಸಾಗಿಸಿದ್ದು ಇಂಥ ಪೆಟ್ಟಿಗೆಗಳಲ್ಲಿ. ಮಲೇರಿಯಾಕ್ಕೆ ಮದ್ದಾದ ಸಿಂಕೋನ ದಕ್ಷಿಣ ಅಮೆರಿಕದಿಂದ 1860ರ ಹೊತ್ತಿಗೆ ನೀಲಗಿರಿಗೆ ಬಂದದ್ದೂ ಹೀಗೆಯೇ. ಚಹಾ, ಸಿಂಕೋನಗಳ ಹಿಂದೆ ಸರಕಾರಗಳಿದ್ದವು. ಅಲಂಕಾರದ ಗಿಡಗಳ ಹಿಂದೆ ಇದ್ದವರು ವ್ಯಾಪಾರಿಗಳು. ಪೆಟ್ಟಿಗೆ ಮಾತ್ರ ಎರಡಕ್ಕೂ ಒಂದೇ.

ಇದರ ಜೊತೆಗೆ ಇನ್ನೊಂದು ಅನುಕೂಲವೂ ಕೂಡಿಬಂತು. ಬ್ರಿಟನ್ ಗಾಜಿನ ಮೇಲಿನ ತೆರಿಗೆಯನ್ನು 1845ರಲ್ಲಿ ತೆಗೆದುಹಾಕಿತು. ಗಾಜು ಅಗ್ಗವಾಯಿತು. ಶ್ರೀಮಂತರ ಸ್ವತ್ತಾಗಿದ್ದ ಗಾಜಿನ ಮನೆ ಮಧ್ಯಮ ವರ್ಗದವರ ಹಿತ್ತಿಲಿಗೂ ಬಂತು. ಅದನ್ನು ತುಂಬಲು ಗಿಡಗಳು ಬೇಕಾದವು.

ಬರಿದಾದ ಕಾಡುಗಳು

ಮೊದಲು ಹಿಡಿದದ್ದು ಜರಿಗಿಡದ ಹುಚ್ಚು. ಇದಕ್ಕೊಂದು ಹೆಸರನ್ನೇ ಇಟ್ಟವನು ಲೇಖಕ ಚಾರ್ಲ್ಸ್ ಕಿಂಗ್ಸ್‌ಲಿ. 1855ರಲ್ಲಿ ಅವನು ಇದನ್ನು 'ಟೆರಿಡೊಮೇನಿಯಾ' ಎಂದು ಕರೆದ. ಹೂವೇ ಇಲ್ಲದ, ನೆರಳಿನಲ್ಲಿ ಬೆಳೆಯುವ ಗಿಡವೊಂದು ಜನರಿಗೆ ಅಷ್ಟು ಮೆಚ್ಚಾದದ್ದು ಅದೇ ಮೊದಲು. ರೈಲು ಬಂದಿತ್ತು, ರಜೆಯ ದಿನ ಪೇಟೆಯ ಜನ ಕಣಿವೆ ಕಾಡುಗಳಿಗೆ ಹೋಗಿ ಜರಿಗಿಡ ಕಿತ್ತು ತಂದರು. ಬುಟ್ಟಿಗಟ್ಟಲೆ ಕಿತ್ತು ಮಾರುವವರೂ ಹುಟ್ಟಿಕೊಂಡರು. ಐರ್ಲೆಂಡಿನ ಕಿಲಾರ್ನಿ ಎಂಬಲ್ಲಿನ ನೀರಿನ ಝರಿಗಳ ಪಕ್ಕ ಬೆಳೆಯುತ್ತಿದ್ದ, ತೆಳು ಪೊರೆಯಂಥ ಎಲೆಯ ಜರಿಗಿಡ ಈ ಕೀಳಾಟದಿಂದಲೇ ವಿರಳವಾಯಿತು. ಅದು ಇಂದಿಗೂ ಚೇತರಿಸಿಕೊಂಡಿಲ್ಲ. ಕಾಡಿನ ಗಿಡವನ್ನು ಜಾಗದ ಒಡೆಯರ ಅನುಮತಿಯಿಲ್ಲದೆ ಬೇರುಸಹಿತ ಕೀಳಬಾರದೆಂಬ ಕಾನೂನು ಬ್ರಿಟನ್ನಿಗೆ ತಡವಾಗಿ ಬಂತು. ಅಷ್ಟರಲ್ಲಿ ಹುಚ್ಚು ಇಳಿದು ಬಹಳ ಕಾಲವಾಗಿತ್ತು.

ಜರಿಗಿಡ ಹಸಿರು ಮಾತ್ರ. ಅದಕ್ಕೆ ಒಗ್ಗಿದ ಕಣ್ಣು ಮುಂದೆ ಬಣ್ಣ ಕೇಳಿತು. ಉಷ್ಣವಲಯದ ಕಾಡುಗಳಿಂದ ಆ ಬಣ್ಣ ಬಂತು.

ತುಳಸಿಯ ನಂಟ, ಕೆಸುವಿನ ನಂಟ

ಕೋಲಿಯಸ್‌ನ ಎಳೆಯ ಕಾಂಡವನ್ನು ಬೆರಳಲ್ಲಿ ಹೊರಳಿಸಿದರೆ ಅದು ದುಂಡಗಿಲ್ಲ, ಚೌಕವಾಗಿದೆ ಎಂದು ತಿಳಿಯುತ್ತದೆ. ತುಳಸಿಯದೂ ಹಾಗೆಯೇ. ಎರಡೂ ಒಂದೇ ಕುಟುಂಬದವು. ಸಸ್ಯಗಳಿಗೆ ಹೆಸರಿಡುವ ಪದ್ಧತಿಯ ಜನಕ ಲಿನ್ನೇಯಸ್ 1763ರಲ್ಲಿ ಈ ಗಿಡವನ್ನು ತುಳಸಿಯ ಕುಲಕ್ಕೇ ಸೇರಿಸಿ 'ಆಸಿಮಂ' ಎಂದು ಕರೆದಿದ್ದ. ಕೋಲಿಯಸ್ ಎಂಬ ಕುಲನಾಮವನ್ನು 1790ರಲ್ಲಿ ಬಳಕೆಗೆ ತಂದವನು ಪೋರ್ಚುಗೀಸ್ ಪಾದ್ರಿ ಲೊರೈರೊ. ಅವನು ಆ ಹೆಸರನ್ನು ಮೊದಲು ಕೊಟ್ಟದ್ದು ಯಾವ ಗಿಡಕ್ಕೆ ಎಂದರೆ ನಮ್ಮ ದೊಡ್ಡಪತ್ರೆಗೆ. ಬಾವಿಕಟ್ಟೆಯ ಸೊಪ್ಪೂ ಕುಂಡದ ಚೆಲುವೆಯೂ ಹತ್ತಿರದ ಬಂಧುಗಳು. ನಡುವೆ ಹಲವು ದಶಕ ಬಣ್ಣದ ಕೋಲಿಯಸ್ಸನ್ನು ಬೇರೆ ಬೇರೆ ಕುಲಗಳಿಗೆ ಸೇರಿಸಿ ಹೆಸರು ಬದಲಿಸಿದ್ದೂ ಆಯಿತು. 2019ರಲ್ಲಿ ಪ್ರಕಟವಾದ ವಿಸ್ತಾರವಾದ ಪರಿಶೀಲನೆಯ ಬಳಿಕ ಅದಕ್ಕೆ ಹಳೆಯ ಹೆಸರೇ ಮರಳಿ ಸಿಕ್ಕಿತು. ತೋಟದ ಮಾಲಿಗಳು ಈ ಗಲಾಟೆಗೆ ಕಿವಿಗೊಡದೆ ಮೊದಲಿನಿಂದಲೂ ಕೋಲಿಯಸ್ ಎಂದೇ ಕರೆಯುತ್ತಿದ್ದರು.

ಜಾವಾದ ಬಣ್ಣದ ಕೋಲಿಯಸ್ 1850ರ ದಶಕದ ಆರಂಭದಲ್ಲಿ ಯೂರೋಪಿನ ತೋಟಗಳಿಗೆ ಬಂತು. 1860ರ ದಶಕದ ಕೊನೆಗೆ ಲಂಡನ್ ಸಮೀಪದ ಚಿಸ್ವಿಕ್ ಉದ್ಯಾನದಲ್ಲಿ ಅದರ ತಳಿಗಳನ್ನು ಬೆರಕೆ ಮಾಡಿ ಹೊಸ ಹೊಸ ಬಣ್ಣಗಳನ್ನು ಪಡೆದರು. ಆ ಸಸಿಗಳು ಹರಾಜಿನಲ್ಲಿ ಮಾರಾಟವಾದವು. ಆದರೆ ಈ ಗಿಡದ ಸ್ವಭಾವವೇ ವ್ಯಾಪಾರಕ್ಕೆ ಅಡ್ಡಬಂತು. ಒಂದು ತುದಿಯನ್ನು ಚಿವುಟಿ ನೀರಿನಲ್ಲಿಟ್ಟರೆ ಒಂದೆರಡು ವಾರದಲ್ಲಿ ಬೇರು ಬಿಡುವ ಗಿಡವನ್ನು ಬಹುಕಾಲ ದುಬಾರಿಯಾಗಿ ಮಾರಲಾಗುವುದಿಲ್ಲ. ಹರಾಜಿನ ಗಿಡ ಕೆಲವೇ ವರ್ಷಗಳಲ್ಲಿ ಬಡವರ ಕಿಟಕಿಗೂ ಬಂತು.

ಬಿಗೋನಿಯಾದ ಕಥೆ ಭಾರತದಿಂದಲೇ ಆರಂಭವಾಗುತ್ತದೆ. ಅಸ್ಸಾಮಿನಿಂದ ಆರ್ಕಿಡ್‌ಗಳೊಂದಿಗೆ ಬಂದ ಒಂದು ಗಿಡ 1856ರ ಸುಮಾರಿಗೆ ಬೆಲ್ಜಿಯಂನ ಹೆಸರಾಂತ ಸಸ್ಯ ವ್ಯಾಪಾರಿ ಜಾನ್ ಲಿಂಡನ್ ಕೈ ಸೇರಿತು. ಅಂಗೈಯಗಲದ ಓರೆ ಎಲೆ, ಕಡು ಹಸಿರಿನ ನಡುವೆ ಬೆಳ್ಳಿಯ ಪಟ್ಟಿ, ಅಡಿಭಾಗ ಕೆಂಪು. 1857ರಲ್ಲಿ ಅದಕ್ಕೆ ಬಿಗೋನಿಯಾ ರೆಕ್ಸ್ ಎಂದು ಹೆಸರಾಯಿತು. ರೆಕ್ಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ರಾಜ. ಇಂದು ಅಂಗಡಿಯಲ್ಲಿ ಸಿಗುವ ಬಣ್ಣದೆಲೆಯ ರೆಕ್ಸ್ ಬಿಗೋನಿಯಾಗಳೆಲ್ಲ ಈ ಅಸ್ಸಾಮಿ ರಾಜನನ್ನು ಅದರ ಬಂಧುಗಳೊಂದಿಗೆ ಬೆರೆಸಿ ಪಡೆದ ಸಂತತಿ. ಇದನ್ನು ಹೆಚ್ಚಿಸುವ ಬಗೆಯೂ ವಿಚಿತ್ರ: ಒಂದು ಎಲೆಯ ನರಗಳನ್ನು ಅಲ್ಲಲ್ಲಿ ಸೀಳಿ ಒದ್ದೆ ಮರಳಿನ ಮೇಲೆ ಮಲಗಿಸಿದರೆ ಪ್ರತಿ ಸೀಳಿನಲ್ಲೂ ಒಂದು ಮರಿ ಹುಟ್ಟುತ್ತದೆ.

ಕೆಲಾಡಿಯಂ ಎಂಬ ಹೆಸರು ಬಂದದ್ದು ಮಲಯ ಭಾಷೆಯ 'ಕೆಲಾಡಿ' ಎಂಬ ಮಾತಿನಿಂದ. ಅದರ ಅರ್ಥ ಕೆಸುವು. ಗಿಡ ಮಾತ್ರ ದಕ್ಷಿಣ ಅಮೆರಿಕದ್ದು. ಬ್ರೆಜಿಲಿನ ಕಾಡಿನಲ್ಲಿದ್ದ ಎರಡು ಬಣ್ಣದ ಎಲೆಯ ಗಿಡವನ್ನು ಲಂಡನ್ನಿನ ಕ್ಯೂ ಉದ್ಯಾನದ ವಿಲಿಯಂ ಐಟನ್ 1789ರಲ್ಲಿ ದಾಖಲಿಸಿದ. ಸುಮಾರು 80 ವರ್ಷಗಳ ಬಳಿಕ ಪ್ಯಾರಿಸ್ಸಿನ ಆಲ್ಫ್ರೆಡ್ ಬ್ಲೂ ಎಂಬಾತ ಅದರ ಬೆರಕೆಯನ್ನು ಕೈಗೆತ್ತಿಕೊಂಡು ಬಿಳಿ, ಗುಲಾಬಿ, ಕೆಂಪು ಎಲೆಗಳ ಅನೇಕ ತಳಿಗಳನ್ನು ಕೊಟ್ಟ. ಕೆಸುವಿನ ನಂಟನಾದ್ದರಿಂದ ಇದರ ರಸವೂ ತುರಿಸುತ್ತದೆ. ಆದರೆ ಇದು ಪತ್ರೊಡೆಗೆ ಒದಗುವ ಎಲೆಯಲ್ಲ; ವಿಷಕಾರಿ. ಮಕ್ಕಳು, ದನಕರು ಬಾಯಿ ಹಾಕದಂತೆ ನೋಡಿಕೊಳ್ಳಬೇಕು.

ಇನ್ನು ಕ್ರೋಟನ್. ಕನ್ನಡದ ಮನೆಮಾತಿನಲ್ಲಿ ಎಲೆಗೆ ಬಣ್ಣವಿದ್ದ ಗಿಡಗಳೆಲ್ಲ ಕ್ರೋಟನ್ನೇ. ಸಸ್ಯಶಾಸ್ತ್ರದಲ್ಲಿ ಆ ಹೆಸರು ಈಗ ಬೇರೊಂದು ಕುಲಕ್ಕೆ ಸಲ್ಲುತ್ತದೆ. ತೋಟದ ಕ್ರೋಟನ್ ಇಂಡೊನೇಷ್ಯದ ದ್ವೀಪಗಳ ಕಡೆಯ ಬೇರೆ ಗಿಡ. ಹೆಸರಿನ ಈ ಗೊಂದಲ ಒಂದು ಕೈತಪ್ಪಿಗೂ ದಾರಿ ಮಾಡಿದೆ. ಕ್ರೋಟನ್ ಬಣ್ಣದ ಗಿಡ, ಆದ್ದರಿಂದ ನೆರಳಿಗೆ ಒಗ್ಗುತ್ತದೆ ಎಂದು ಅನೇಕರು ಅದನ್ನು ಕತ್ತಲ ಮೂಲೆಯಲ್ಲಿಡುತ್ತಾರೆ. ಅದು ಸಾಯುವುದಿಲ್ಲ, ಆದರೆ ಹೊಸ ಎಲೆಗಳು ಹಸಿರಾಗಿಯೇ ಬರುತ್ತವೆ. ಕ್ರೋಟನ್ನಿನ ಕೆಂಪು, ಹಳದಿ ಏರಬೇಕಾದರೆ ಬಿಸಿಲು ಬೇಕು.

ಕತ್ತಲಲ್ಲಿ ಬಣ್ಣವೇಕೆ?

ದಟ್ಟ ಮಳೆಕಾಡಿನ ನೆಲಕ್ಕೆ ತಲುಪುವ ಬೆಳಕು ಮೇಲಿನದರ ನೂರಕ್ಕೆ ಒಂದೆರಡು ಪಾಲು ಮಾತ್ರ. ಅಷ್ಟು ಬಡತನದಲ್ಲಿ ಬದುಕುವ ಗಿಡ ಬೆಳಕು ಹೀರುವ ಹಸಿರನ್ನು ಬಿಟ್ಟು ಎಲೆಗೆ ಬೆಳ್ಳಿ, ಕೆಂಪು ಬಳಿದುಕೊಳ್ಳುವುದೇಕೆ? ಈ ಪ್ರಶ್ನೆ ವಿಜ್ಞಾನಿಗಳನ್ನು ಬಹುಕಾಲ ಕಾಡಿದೆ.

ಬಿಗೋನಿಯಾದ ಬೆಳ್ಳಿ ಬಣ್ಣ ಯಾವ ವರ್ಣದ್ರವ್ಯದಿಂದಲೂ ಬಂದದ್ದಲ್ಲ. ಎಲೆಯ ಮೇಲ್ಪೊರೆಯ ಕೆಳಗೆ ಗಾಳಿ ತುಂಬಿದ ಸಣ್ಣ ಸಂದುಗಳಿರುತ್ತವೆ. ಅಲ್ಲಿ ಬೆಳಕು ಚದುರಿ ಹಿಂದಿರುಗುವುದರಿಂದ ಎಲೆ ಹೊಳೆಯುತ್ತದೆ. ಅದರ ಕೆಳಗಿನ ಕೋಶಗಳಲ್ಲಿ ಹಸಿರು ಇದ್ದೇ ಇದೆ. ಅಡಿಭಾಗದ ಕೆಂಪು, ಎಲೆಯನ್ನು ಹಾದು ಹೋಗುವ ಬೆಳಕನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಬಳಕೆಗೆ ಕೊಡುತ್ತದೆ ಎಂಬ ವಿವರಣೆ 1979ರಲ್ಲಿ ಬಂತು. ಮುಂದಿನ ಪ್ರಯೋಗಗಳು ಇದನ್ನು ಪೂರ್ತಿ ಒಪ್ಪಲಿಲ್ಲ. ಕೊಂಬೆಗಳ ಸಂದಿಯಿಂದ ಹಠಾತ್ತನೆ ಬೀಳುವ ಬಿಸಿಲ ಕೋಲಿನಿಂದ ಎಲೆಯನ್ನು ಕಾಯುವ ಕೊಡೆ ಆ ಕೆಂಪು ಎಂಬ ಅಭಿಪ್ರಾಯ ಇನ್ನೊಂದು ಕಡೆಗಿದೆ. ಮಲೇಷ್ಯದ ಕಾಡಿನ ಒಂದು ಬಿಗೋನಿಯಾದ ಎಲೆ ನವಿಲುಗರಿಯಂತೆ ನೀಲಿಯಾಗಿ ಮಿನುಗುತ್ತದೆ. ಅದರ ಹಸಿರುಕಣಗಳೊಳಗೆ ಪದರಗಳು ಬಹಳ ಶಿಸ್ತಾಗಿ ಜೋಡಣೆಗೊಂಡಿದ್ದು, ಮಂದ ಬೆಳಕನ್ನು ಚೆನ್ನಾಗಿ ಹೀರಲು ನೆರವಾಗುತ್ತವೆ ಎಂದು ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು.

ಮೋಸದ ಬಣ್ಣವೂ ಉಂಟು. ಈಕ್ವಡಾರ್‌ನ ಕಾಡಿನಲ್ಲಿ ಒಂದು ಜಾತಿಯ ಕೆಲಾಡಿಯಂನ ಎಲೆಗಳ ಒಳಗೆ ಪತಂಗದ ಹುಳುಗಳು ಸುರಂಗ ಕೊರೆದು ತಿನ್ನುತ್ತವೆ. ತಿಂದ ಜಾಗ ಬಿಳಿಚಿಕೊಳ್ಳುತ್ತದೆ. ಅಲ್ಲಿ ಹಸಿರೆಲೆಯ ಗಿಡಗಳೂ ಬಿಳಿ ಮಚ್ಚೆಯ ಗಿಡಗಳೂ ಒಟ್ಟಿಗೆ ಬೆಳೆಯುತ್ತವೆ. ಮಚ್ಚೆಯ ಎಲೆಗಳಲ್ಲಿ ಹುಳುವಿನ ಕಾಟ ಬಹಳ ಕಡಿಮೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ಕಂಡುಕೊಂಡಿತು. ಸಂಶೋಧಕರು ಹಸಿರೆಲೆಗೆ ಬಿಳಿ ಬಣ್ಣದಿಂದ ಮಚ್ಚೆ ಬರೆದು ನೋಡಿದರು; ಆ ಎಲೆಗಳಿಗೂ ಹುಳು ಅಷ್ಟಾಗಿ ಬರಲಿಲ್ಲ. ಈಗಾಗಲೇ ಬೇರೊಬ್ಬರು ತಿಂದ ಎಲೆ ಎಂದು ತಾಯಿ ಪತಂಗ ಮೊಟ್ಟೆಯಿಡದೆ ಮುಂದೆ ಹೋಗುತ್ತದೆ ಎಂಬುದು ಅವರ ಊಹೆ. ಹೀಗೆ, ಮನುಷ್ಯ ಚೆಂದವೆಂದು ಕೊಂಡು ತರುವ ಬಣ್ಣ ಗಿಡಕ್ಕೆ ಹೊಟ್ಟೆಪಾಡು ಮತ್ತು ಜೀವರಕ್ಷಣೆಯ ಉಪಾಯ.

ಬೆಂಗಳೂರಿನ ಮೊಗಸಾಲೆಗೆ

ಹೈದರಾಲಿ 1760ರಲ್ಲಿ ಆರಂಭಿಸಿ ಟಿಪ್ಪು ಬೆಳೆಸಿದ ಲಾಲ್‌ಬಾಗ್ 1856ರಲ್ಲಿ ಸರಕಾರಿ ಸಸ್ಯೋದ್ಯಾನವಾಯಿತು. ಕೋಲಿಯಸ್, ರೆಕ್ಸ್ ಬಿಗೋನಿಯಾಗಳು ಯೂರೋಪಿನಲ್ಲಿ ಹೊಸ ಸುದ್ದಿಯಾಗಿದ್ದ ಕಾಲ ಅದೇ. 1874ರಲ್ಲಿ ಉದ್ಯಾನದ ಹೊಣೆ ಹೊತ್ತ ಜಾನ್ ಕ್ಯಾಮರಾನ್ ಕ್ಯೂ ಉದ್ಯಾನದಲ್ಲಿ ಪಳಗಿದವನು. ಹೊರದೇಶಗಳ ಉದ್ಯಾನಗಳೊಂದಿಗೆ ಗಿಡ, ಬೀಜ ವಿನಿಮಯ ಅವನ ಕಾಲದಲ್ಲಿ ಬಿರುಸಾಯಿತು. 1889ರ ನವೆಂಬರಿನಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಅದರ ಕಬ್ಬಿಣದ ಭಾಗಗಳು ಗ್ಲ್ಯಾಸ್ಗೋದ ಎರಕದ ಕಾರ್ಖಾನೆಯಿಂದ ಬಂದವು. ಮಾದರಿಯಾದದ್ದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್.

ಇಲ್ಲೊಂದು ತಮಾಷೆಯಿದೆ. ಇಂಗ್ಲೆಂಡಿನಲ್ಲಿ ಗಾಜಿನ ಮನೆ ಕಟ್ಟಿದ್ದು ಉಷ್ಣದೇಶದ ಗಿಡಗಳನ್ನು ಚಳಿಯಿಂದ ಉಳಿಸಲು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಹವೆಯಲ್ಲಿ ಅದೇ ಗಿಡಗಳಿಗೆ ಗಾಜಿನ ಹಂಗು ಬೇಕಿರಲಿಲ್ಲ. ಒಂದು ಮರದ ನೆರಳು ಸಾಕಾಗಿತ್ತು. ಹೀಗಾಗಿ ಲಾಲ್‌ಬಾಗಿನ ಗಾಜಿನ ಮನೆ ಗಿಡಗಳನ್ನು ಬದುಕಿಸುವ ಜಾಗವಾಗುವುದಕ್ಕಿಂತ ಫಲಪುಷ್ಪ ಪ್ರದರ್ಶನದ ಮಂಟಪವಾಗಿ ಹೆಸರು ಪಡೆಯಿತು. ಕ್ಯಾಮರಾನನ ಬಳಿಕ 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಕೂಡ ಕ್ಯೂನಲ್ಲಿ ಕೆಲಸ ಮಾಡಿದವನೇ. ವರ್ಷದ ಬೇರೆ ಬೇರೆ ತಿಂಗಳಲ್ಲಿ ಒಂದಾದ ಮೇಲೊಂದು ಹೂ ಬಿಡುವ ಸಾಲುಮರಗಳನ್ನು ಬೆಂಗಳೂರಿನ ರಸ್ತೆಗಳಿಗೆ ಕೊಟ್ಟ ಕೀರ್ತಿ ಅವನದು. ಆ ಮರಗಳು ಬೆಳೆದಂತೆ ಅವುಗಳ ಬುಡದಲ್ಲಿ ನೆರಳೂ ಬೆಳೆಯಿತು.

ದಂಡು ಪ್ರದೇಶದ ಬಂಗಲೆಗಳ ಮೊಗಸಾಲೆ, ಮರದ ಜಾಲರಿಯ ಮುಂಚಾಚು, ಕಾರು ನಿಲ್ಲುವ ಮಾಡಿನ ಎರಡೂ ಬದಿ ಕೆಮ್ಮಣ್ಣು ಬಳಿದ ಕುಂಡಗಳ ಸಾಲು - ಇವು ಈ ಗಿಡಗಳ ಮೊದಲ ಮನೆಗಳು. ಅಲ್ಲಿಂದ ಅವು ಬಸವನಗುಡಿ, ಮಲ್ಲೇಶ್ವರಗಳ ವಠಾರಗಳಿಗೂ ಮೈಸೂರು, ಧಾರವಾಡ, ಮಂಗಳೂರುಗಳ ಜಗಲಿಗಳಿಗೂ ಹೋದದ್ದಕ್ಕೆ ಅಂಗಡಿಯೇ ಬೇಕಾಗಲಿಲ್ಲ. ಅರಿಶಿನ ಕುಂಕುಮಕ್ಕೆ ಬಂದವರು ಹೋಗುವಾಗ ಒಂದು ತುದಿ ಮುರಿದುಕೊಂಡು ಹೋದರು. ತೂತು ಬಿದ್ದ ಬಕೆಟ್ಟು, ಎಣ್ಣೆಯ ಡಬ್ಬಿ ಕುಂಡವಾಯಿತು. ಲಂಡನ್ನಿನಲ್ಲಿ ಹರಾಜಾದ ಗಿಡ ನಮ್ಮಲ್ಲಿ ಕೊಡುಕೊಳ್ಳುವ ಸ್ನೇಹದ ಗಿಡವಾಯಿತು.

ಒಂದೇ ಗಿಡವನ್ನು ನೆಚ್ಚಿದರೆ

ನೆರಳಿನಲ್ಲಿ ಎಲೆಯ ಬಣ್ಣಕ್ಕಷ್ಟೇ ತೃಪ್ತಿಪಡದೆ ಹೂವೂ ಬೇಕೆಂದವರಿಗೆ ಉತ್ತರವಾಗಿ ಬಂದದ್ದು ಪೂರ್ವ ಆಫ್ರಿಕದ ಇಂಪೇಶಿಯನ್ಸ್. ಜಾಂಜಿಬಾರಿನಲ್ಲಿ ಬ್ರಿಟಿಷ್ ಪ್ರತಿನಿಧಿಯಾಗಿದ್ದ ಜಾನ್ ಕರ್ಕ್ ಅದನ್ನು ಕ್ಯೂಗೆ ಕಳಿಸಿದ. ಸಸ್ಯವಿಜ್ಞಾನಿ ಜೋಸೆಫ್ ಹೂಕರ್ 1882ರಲ್ಲಿ ಅದಕ್ಕೆ ಜಾಂಜಿಬಾರಿನ ಸುಲ್ತಾನನ ಹೆಸರಿಟ್ಟ. ಆದರೆ ಅದೇ ಗಿಡಕ್ಕೆ 1868ರಲ್ಲಿ ತಾನೇ ಹೊರೇಸ್ ವಾಲರ್ ಎಂಬ ಪಾದ್ರಿಯ ಹೆಸರಿಟ್ಟಾಗಿತ್ತು. ಎರಡೂ ಒಂದೇ ಎಂದು ಆಮೇಲೆ ತಿಳಿದಾಗ ಸುಲ್ತಾನ ಹೋಗಿ ಪಾದ್ರಿ ಉಳಿದ.

ಈ ಗಿಡವನ್ನು ಲೋಕದ ನೆರಳಿಗೆಲ್ಲ ಹಬ್ಬಿಸಿದವನು ಕ್ಲಾಡ್ ಹೋಪ್ ಎಂಬ ಅಮೆರಿಕದ ತಳಿಗಾರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಿಂಕೋನ ಬೆಳೆಸುವ ಕೆಲಸಕ್ಕೆಂದು ಕೋಸ್ಟರಿಕಕ್ಕೆ ಹೋದ ಅವನು ಅಲ್ಲಿಯೇ ನೆಲೆಸಿದ. ಉದ್ದುದ್ದ ಬೆಳೆಯುತ್ತಿದ್ದ ಗಿಡವನ್ನು ಗುಬ್ಬಚ್ಚಿಯಂತೆ ಕುಳ್ಳಗೆ, ಒತ್ತಾಗಿ, ಮೈತುಂಬ ಹೂ ಬಿಡುವಂತೆ ತಿದ್ದಿದ. 1960ರ ದಶಕದ ಕೊನೆಗೆ ಅವನ ತಳಿಗಳು ಮಾರುಕಟ್ಟೆಗೆ ಬಂದವು. ಕೆಲವೇ ವರ್ಷಗಳಲ್ಲಿ ಅಮೆರಿಕದ ತೋಟಗಳಲ್ಲಿ ನೆರಳು ಎಂದರೆ ಇಂಪೇಶಿಯನ್ಸ್ ಎನ್ನುವಂತಾಯಿತು.

ಆ ಏಕಚಕ್ರಾಧಿಪತ್ಯ ಮುರಿದದ್ದು ಒಂದು ಬೂಜಿನಿಂದ. ದ್ರಾಕ್ಷಿ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ಬೂಜು ತುಪ್ಪಟ ರೋಗದ ಒಂದು ಬಗೆ 2003ರಲ್ಲಿ ಬ್ರಿಟನ್ನಿನಲ್ಲಿ ಕಾಣಿಸಿಕೊಂಡಿತು. 2011 ಮತ್ತು 2012ರಲ್ಲಿ ಅಮೆರಿಕದ ಹಲವು ರಾಜ್ಯಗಳಿಗೆ ಹಬ್ಬಿತು. ಎಲೆಯ ಅಡಿಯಲ್ಲಿ ಬಿಳಿ ಹಿಟ್ಟಿನಂತೆ ಮೂಡಿ, ಎಲೆಯನ್ನೂ ಹೂವನ್ನೂ ಉದುರಿಸಿ, ಬೋಳು ಕಡ್ಡಿಗಳನ್ನು ಉಳಿಸಿತು. ಗಾಳಿ, ಮಳೆಹನಿಗಳಿಂದ ಹರಡುವ ಈ ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಅಕ್ಕಪಕ್ಕದ ತೋಟಗಳಲ್ಲೆಲ್ಲ ಒಂದೇ ಗಿಡವಿದ್ದುದರಿಂದ ಅದಕ್ಕೆ ತಡೆಯೇ ಇರಲಿಲ್ಲ. 1970ರ ಸಸ್ಯಾನ್ವೇಷಣೆಯಲ್ಲಿ ನ್ಯೂಗಿನಿ ದ್ವೀಪದಿಂದ ತಂದಿದ್ದ ಬೇರೊಂದು ಬಗೆಯ ಇಂಪೇಶಿಯನ್ಸ್ ಈ ರೋಗಕ್ಕೆ ಜಗ್ಗಲಿಲ್ಲ. ಹಳೆಯ ಗಿಡದಲ್ಲೂ ರೋಗ ತಡೆಯುವ ತಳಿಗಳು ಈಚಿನ ವರ್ಷಗಳಲ್ಲಿ ಬಂದಿವೆ. ಈ ನಡುವೆ ಗಿರಾಕಿಗಳು ಮತ್ತೆ ಕೋಲಿಯಸ್, ಬಿಗೋನಿಯಾಗಳ ಕಡೆಗೆ ಹೊರಳಿದರು.

ಮನೆಯ ಪಕ್ಕದ ಭಂಡಾರ

ಸುಲ್ತಾನನ ಹೆಸರಿಟ್ಟ ಹೂಕರ್, ಭಾರತದ ಸಸ್ಯಗಳ ಬೃಹತ್ ವಿವರಣೆಯನ್ನು ಬರೆದವನೂ ಹೌದು. 1911ರಲ್ಲಿ 94ನೆಯ ವಯಸ್ಸಿನಲ್ಲಿ ಸಾಯುವವರೆಗೂ ಅವನನ್ನು ಹಿಡಿದಿಟ್ಟದ್ದು ಕರ್ಣಕುಂಡಲದ ಕುಲ. ಕಾರಣವಿದೆ. ಭಾರತದಲ್ಲಿ ಈ ಕುಲದ 200ಕ್ಕೂ ಹೆಚ್ಚು ಜಾತಿಗಳಿವೆ. ಅವುಗಳ ಎರಡು ದೊಡ್ಡ ನೆಲೆಗಳೆಂದರೆ ಹಿಮಾಲಯದ ಪೂರ್ವಭಾಗ ಮತ್ತು ಪಶ್ಚಿಮಘಟ್ಟ. ಘಟ್ಟದ ಜಾತಿಗಳಲ್ಲಿ ಬಹುಪಾಲು ಜಗತ್ತಿನ ಬೇರೆಲ್ಲೂ ಇಲ್ಲ. ಕೆಲವಂತೂ ಒಂದೆರಡು ಬೆಟ್ಟಗಳಿಗಷ್ಟೇ ಸೀಮಿತ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗದ ಘಟ್ಟಗಳಲ್ಲಿ ಮಳೆ ಹಿಡಿದ ಮೇಲೆ ರಸ್ತೆ ಬದಿಯ ಒಸರುವ ಬಂಡೆಗಳ ಮೇಲೆ ಕಾಣುವ ಗುಲಾಬಿ, ಬಿಳಿ, ನೇರಳೆ ಹೂಗಳಲ್ಲಿ ಇವೇ ಹೆಚ್ಚು. ಅದೇ ನೆರಳಿನಲ್ಲಿ ಮಲಬಾರಿನ ಹೆಸರು ಹೊತ್ತ ಕಾಡು ಬಿಗೋನಿಯಾ ಮಂದ ಗುಲಾಬಿ ಹೂ ಬಿಡುತ್ತದೆ. ಆಫ್ರಿಕದ ಗಿಡವನ್ನು ಕೋಸ್ಟರಿಕದ ಬೀಜದಿಂದ ಬೆಳೆಸುವ ನಾವು ಈ ನೆಂಟರನ್ನು ಹೆಸರಿನಿಂದಲೂ ಅರಿಯೆವು.

ಹಾಗೆಂದು ಘಟ್ಟಕ್ಕೆ ಹೋಗಿ ಅವನ್ನು ಕಿತ್ತು ತರಬೇಕೆಂದಲ್ಲ. ತಂದರೂ ಅವು ಬದುಕುವುದು ಕಷ್ಟ. ಬಂಡೆಯ ಮೇಲೆ ತೊಟ್ಟಿಕ್ಕುವ ನೀರು, ತಿಂಗಳುಗಟ್ಟಲೆಯ ಮಂಜು, ಬಳಿಕ ಬೇಸಗೆಯ ವಿಶ್ರಾಂತಿ - ಈ ಲಯಕ್ಕೆ ಒಗ್ಗಿದ ಗಿಡ ನಲ್ಲಿ ನೀರಿನ ಕುಂಡದಲ್ಲಿ ಒಂದು ಋತುವನ್ನೂ ದಾಟುವುದಿಲ್ಲ. ಒಂದೇ ಬೆಟ್ಟದಲ್ಲಿರುವ ಜಾತಿಯನ್ನು ಬುಟ್ಟಿಯಲ್ಲಿ ತುಂಬಿ ತಂದರೆ ಕಿಲಾರ್ನಿಯ ಜರಿಗಿಡಕ್ಕೆ ಆದದ್ದೇ ಇಲ್ಲಿಯೂ ಆಗುತ್ತದೆ. ಬೇರೆ ದಾರಿ ಇಲ್ಲದಿಲ್ಲ. ಕೇರಳದ ವಯನಾಡಿನಲ್ಲಿ ಜರ್ಮನಿಯ ವುಲ್ಫ್‌ಗ್ಯಾಂಗ್ ಥಾಯರ್‌ಕಾಫ್ 1981ರಲ್ಲಿ ಆರಂಭಿಸಿದ ಗುರುಕುಲ ಸಸ್ಯಧಾಮದಲ್ಲಿ ಘಟ್ಟದ ಕರ್ಣಕುಂಡಲ, ಜರಿಗಿಡ, ಆರ್ಕಿಡ್‌ಗಳನ್ನು ವರ್ಷಾನುಗಟ್ಟಲೆ ತಾಳ್ಮೆಯಿಂದ ಬೆಳೆಸಿ ಹೆಚ್ಚಿಸುತ್ತ ಬಂದಿದ್ದಾರೆ. ಕಾಡಿನಿಂದ ಗಿಡವನ್ನು ಕೀಳುವುದಕ್ಕೂ ಬೀಜದಿಂದ ಬೆಳೆಸುವುದಕ್ಕೂ ಇರುವ ಅಂತರ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಮನೆಯ ಮಟ್ಟಿಗೆ ಬಂದರೆ, ಈ ಚರಿತ್ರೆ ಆಯ್ಕೆಗೂ ನೆರವಾಗುತ್ತದೆ. ಮೊದಲು ನೋಡಬೇಕಾದದ್ದು ಗಿಡವನ್ನಲ್ಲ, ನೆರಳನ್ನು. ಬೆಳಗಿನ ಎಳೆ ಬಿಸಿಲು ಒಂದೆರಡು ಗಂಟೆ ಬಿದ್ದು ಬಳಿಕ ನೆರಳಾಗುವ ಜಾಗ ಕೋಲಿಯಸ್ಸಿಗೂ ಇಂಪೇಶಿಯನ್ಸಿಗೂ ಒಳ್ಳೆಯದು. ಕೋಲಿಯಸ್ಸಿನ ಹೂತೆನೆಯನ್ನು ಮೂಡಿದಾಗಲೇ ಚಿವುಟಿದರೆ ಎಲೆಯ ಬಣ್ಣ ನಿಲ್ಲುತ್ತದೆ. ಮರದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಬೆಳಕು ಆಡುವ ಕಡೆ ಕೆಲಾಡಿಯಂ ಹಿಗ್ಗುತ್ತದೆ. ಚಳಿಗಾಲದಲ್ಲಿ ಅದರ ಎಲೆ ಬಾಡಿದರೆ ಸತ್ತಿತೆಂದು ಎಸೆಯಬಾರದು, ಗೆಡ್ಡೆ ಮಣ್ಣಿನೊಳಗೆ ಮಲಗಿರುತ್ತದೆ. ನೇರ ಬಿಸಿಲು ಎಂದೂ ತಾಗದ, ಆದರೆ ಬಯಲಿನ ಬೆಳಕಿರುವ ಉತ್ತರದ ಜಗಲಿ ರೆಕ್ಸ್ ಬಿಗೋನಿಯಾದ್ದು. ಅದಕ್ಕೆ ತೇವದ ಗಾಳಿ ಬೇಕು, ನಿಂತ ನೀರು ಆಗದು. ಎಲೆಯಲ್ಲಿ ಬಿಳಿ ಹೆಚ್ಚಿದ್ದಷ್ಟೂ ಆಹಾರ ತಯಾರಿಸುವ ಹಸಿರು ಕಡಿಮೆ. ಅಂಥ ಗಿಡವನ್ನು ತೀರ ಕತ್ತಲಿಗೆ ತಳ್ಳಬಾರದು. ಗಾಢ ನೆರಳಿಗೆ ಬಣ್ಣದ ಆಸೆ ಬಿಟ್ಟು ಜರಿಗಿಡವನ್ನು ಒಪ್ಪಿಕೊಳ್ಳುವುದೇ ಜಾಣತನ. ಮತ್ತು ಎಲ್ಲ ಕುಂಡಕ್ಕೂ ಒಂದೇ ಗಿಡ ಬೇಡ. ಒಂದಕ್ಕೆ ರೋಗ ಬಂದರೆ ಇನ್ನೊಂದು ಉಳಿಯಲಿ. ಮಾರುವವರನ್ನು ಒಂದು ಮಾತು ಕೇಳುವುದೂ ಮೇಲು: ಇದು ನೀವು ಬೆಳೆಸಿದ್ದೋ, ಕಾಡಿನಿಂದ ತಂದದ್ದೋ ಎಂದು.

ಬಿಸಿಲಿಲ್ಲದ ಮೂಲೆಯನ್ನು ಮನೆಯ ಕೊರತೆ ಎಂದು ತಿಳಿಯುವುದು ವಾಡಿಕೆ. ಆದರೆ ಈ ಬಣ್ಣಗಳೆಲ್ಲ ಹುಟ್ಟಿದ್ದು ಅಂಥ ಮೂಲೆಗಳಲ್ಲೇ, ದೊಡ್ಡ ಮರಗಳ ಕೆಳಗೆ. ಪೇಟೆಯಲ್ಲಿ ಮರ ಬಿದ್ದಾಗ ಅದರಡಿಯ ಕುಂಡಗಳನ್ನು ಇನ್ನೊಂದು ಕಡೆಗೆ ಎತ್ತಿಡಬಹುದು. ಘಟ್ಟದಲ್ಲಿ ಮರ ಬಿದ್ದಾಗ ಅದರಡಿಯ ಕರ್ಣಕುಂಡಲವನ್ನು ಎತ್ತಿಡಲು ಬೇರೆ ಬೆಟ್ಟವಿಲ್ಲ.